ಕೌದಿಯ ಹೊಟ್ಟೆ

ವಿಲೆ ಪಾರ್ಲೆಯ ಮಾಧುರಿಯವರ ಊಟದ ಕೋಣೆಯಲ್ಲಿ ಒಂದು ಗೋಡೆಗೆ ತಗುಲಿದ ಖರ್ಚು ಸಣ್ಣದಲ್ಲ. ತೇವ ತಡೆಯುವ ಬಣ್ಣಕ್ಕೆ ನಲವತ್ತು ಸಾವಿರ, ಮೆತ್ತಗೆ ಬೆಳಗುವ ದೀಪಕ್ಕೆ ಇಪ್ಪತ್ತೆರಡು, ಗಾಜಿನ ಚೌಕಟ್ಟಿಗೆ ಒಂದು ಲಕ್ಷದ ಮೇಲೆ. ಗಾಜಿನೊಳಗಿನ ಕೌದಿಗೆ ಒಂಬತ್ತು ಲಕ್ಷ. ಹಳೆಯ ಸೀರೆಗಳನ್ನು ಹರಿದು ಆ ಹೊದಿಕೆ ಹೊಲಿದ ಚನ್ನವ್ವನಿಗೆ ತಗುಲಿದ್ದು ಎರಡು ಉಂಡೆ ದಾರ ಮತ್ತು ಒಂದು ಮಳೆಗಾಲದ ಮಧ್ಯಾಹ್ನಗಳು. ಚನ್ನವ್ವ ಸತ್ತು ಬಹಳ ವರ್ಷವಾಗಿತ್ತು. ಒಂಬತ್ತು ಲಕ್ಷ ತೆಗೆದುಕೊಂಡವಳು ಅವಳ ಮಗಳು ಸೋನಾಲಿ.

ಸೋನಾಲಿಯ ಕಸುಬು ಚಿತ್ರ ಬರೆಯುವುದಲ್ಲ. ಹಣವಿದ್ದವರಿಗೆ ಯಾವ ಕಲಾಕೃತಿ ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಹೇಳುವುದು. ಗೋರೆಗಾಂವ್‌ನ ಚಾಳಿನಲ್ಲಿ ಬೆಳೆದವಳು, ಗ್ಯಾಲರಿಯೊಂದರಲ್ಲಿ ಟೈಪು ಮಾಡುತ್ತಲೇ ಕಣ್ಣು ಪಳಗಿಸಿಕೊಂಡಿದ್ದಳು. ಈ ಕಸುಬಿಗೆ ಅಂಗಡಿ ಬೇಡ, ಸರಕು ಬೇಡ. ಆಡಿದ ಮಾತು ಕೆಡದಿದ್ದರೆ ಸಾಕು. ಉಡುಪಿ ಕಡೆಯ ಮಾಧುರಿ ಮೂರು ಹೋಟೆಲುಗಳ ಒಡತಿ. ಸೋನಾಲಿಯನ್ನು ಕೇಳದೆ ಮನೆಯಲ್ಲಿ ಒಂದು ಮೊಳೆ ಹೊಡೆಸಿದವರಲ್ಲ. ಅವರು ಒಮ್ಮೆ ಅವಳ ಮನೆಗೆ ಚಹಾಕ್ಕೆ ಬಂದು, ಮಂಚದ ಮೇಲಿನ ಕೌದಿ ನೋಡಿ ಪಟ್ಟು ಹಿಡಿದು ಕೂತರು. ಅಂಥ ಹೊಲಿಗೆಗೆ ಆಗ ಪೇಟೆಯಲ್ಲಿ ಬೆಲೆ ಏರುತ್ತಿತ್ತು. ಅವರು ಕಟ್ಟಿಸುತ್ತಿದ್ದ ನಾಲ್ಕನೆಯ ಹೋಟೆಲಿನ ಗೋಡೆಗಳ ಕೆಲಸವೆಲ್ಲ ಸೋನಾಲಿಯ ಕೈಗೆ ಬರುವುದೂ ಇತ್ತು. ಕೊಟ್ಟಳು.

ಕೊಡುವ ಮೊದಲು ಕೌದಿ ಬಟ್ಟೆ ಸಂರಕ್ಷಿಸುವ ಸ್ನೇಹಲ್‌ಳ ಬಳಿ ಹೋಯಿತು. ಅವಳ ಬೆರಳು ಒಂದು ಮೂಲೆಯಲ್ಲಿ ನಿಂತಿತು.

"ದೀದೀ, ಇಲ್ಲಿ ಏನೋ ಗಟ್ಟಿ ಇದೆ."

"ರೊಟ್ಟಿ ಚೂರು," ಎಂದಳು ಸೋನಾಲಿ. ಅವಳ ತಾಯಿಯ ಕಡೆಯವರು ಕೌದಿ ಮುಗಿಸುವಾಗ ಒಂದು ಮೂಲೆ ಬಿಟ್ಟು, ಅದರಲ್ಲಿ ರೊಟ್ಟಿಯ ಚೂರಿಟ್ಟು ಹೊಲಿಯುತ್ತಾರೆ. ಕೌದಿಗೂ ಹೊಟ್ಟೆ ತುಂಬಿರಬೇಕು. ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲ ಎನ್ನುತ್ತಾರೆ.

"ತಿನ್ನೋದು ಒಳಗಿದ್ರೆ ಹುಳ ಬರುತ್ತೆ. ಬಟ್ಟೆ ಚೆನ್ನಾಗಿದೆ ಅನ್ನೋ ಸರ್ಟಿಫಿಕೇಟಿಗೆ ನಾನು ಸಹಿ ಹಾಕಲ್ಲ."

ಸೋನಾಲಿ ತಾನೇ ಹೊಲಿಗೆ ಬಿಚ್ಚಿದಳು. ಬಳಪದಷ್ಟು ಗಟ್ಟಿಯಾದ ಚೂರು ಕಸದ ಬುಟ್ಟಿಗೆ ಬಿತ್ತು. ಮೂಲೆ ಮತ್ತೆ ಮುಚ್ಚಿತು. ಈ ಸಂಗತಿಯನ್ನು ಮಾಧುರಿಯವರಿಗೆ ಹೇಳಬೇಕೆಂದು ಅವಳಿಗೆ ಅನಿಸಲೇ ಇಲ್ಲ.

ತಿಂಗಳು ಕಳೆಯುವುದರೊಳಗೆ ಮಾಧುರಿಯವರ ಫೋನು ಬಂತು.

"ಸೋನಾಲಿ, ನಗಬೇಡ ಆಯ್ತಾ? ಆ ಗೋಡೆಯಲ್ಲಿ ಎಂತದೋ ಉಂಟು. ನಾವು ಊಟ ಮುಗಿಸಿದ ಕೂಡ್ಲೆ ಯಾರೋ ತಟ್ಟೆ ಇಟ್ಟ ಸದ್ದು. ಸ್ವಲ್ಪ ಹೊತ್ತಿಗೆ ಎತ್ತಿದ ಸದ್ದು."

"ಪಕ್ಕದ ಫ್ಲ್ಯಾಟಿನದಿರಬೇಕು, ಮಾಧುರಿಯಕ್ಕ."

"ಪಕ್ಕದಲ್ಲಿ ಮನುಷ್ಯರೇ ಇಲ್ಲ ಮಾರಾಯ್ತಿ. ಮತ್ತೆ ಅದು ಖಾಲಿ ತಟ್ಟೆ. ಹೋಟೆಲಿನವಳು ನಾನು, ಸದ್ದಲ್ಲೇ ಗೊತ್ತಾಗ್ತದೆ."

ಸೋನಾಲಿ ಮರುದಿನ ಮಧ್ಯಾಹ್ನ ಅಲ್ಲೇ ಊಟಕ್ಕೆ ಹೋದಳು. ಅಡಿಗೆ ಮಾಡುವ ಆಳು ಅಂಗಾರ, ಸಾರು ಬಡಿಸಿ, ಆ ಗೋಡೆಗೆ ಬೆನ್ನು ಮಾಡದೆ ಹಿಂದೆ ಹಿಂದೆ ನಡೆದೇ ಒಳಗೆ ಹೋದ. ಎಲ್ಲರ ಊಟ ಮುಗಿಯಿತು. ಆಗ ಗಾಜಿನ ಹಿಂದಿನಿಂದ ಕೇಳಿಸಿತು: ನೆಲಕ್ಕೆ ತಾಟು ಇಟ್ಟ ಸದ್ದು, ನಡುವೆ ಏನೂ ಇಲ್ಲದ ಒಂದಿಷ್ಟು ಹೊತ್ತು, ತಾಟು ಎತ್ತಿದ ಸದ್ದು.

ಆ ಸದ್ದು ಸೋನಾಲಿಗೆ ಗೊತ್ತಿತ್ತು. ಚಾಳಿನ ಆ ಒಂದೇ ಕೋಣೆಯಲ್ಲಿ ಅವ್ವ ಎಲ್ಲರಿಗೂ ಬಡಿಸಿ, ಕೊನೆಗೆ ತನ್ನ ತಾಟು ಹಿಡಿದು ಪರದೆಯ ಹಿಂದೆ ಹೋಗುತ್ತಿದ್ದಳು. ತಾಟು ಇಡುವ ಸದ್ದು, ಎತ್ತುವ ಸದ್ದು. ಆಮೇಲೆ, "ನಂದೂ ಆತು." ತಾಟಿನಲ್ಲಿ ಏನೂ ಇರುತ್ತಿರಲಿಲ್ಲ ಎಂಬುದು ಮಕ್ಕಳಿಗೆ ತಿಳಿಯುವ ಹೊತ್ತಿಗೆ ಅವ್ವ ಹಾಸಿಗೆ ಹಿಡಿದಿದ್ದಳು.

ಅಲ್ಲಿಂದ ಸೀದಾ ಧಾರಾವಿಗೆ ಹೋದಳು, ಅವ್ವನ ತಂಗಿ ಲಕ್ಷ್ಮವ್ವನ ಮನೆಗೆ.

"ರೊಟ್ಟಿ ತಗದ್ಯಾ? ತಗದ್ರ ತಗದಿ ಬಿಡ," ಎಂದು ನಕ್ಕಳು ಲಕ್ಷ್ಮವ್ವ. "ಇಲಿ ತಿಂದಿದ್ರ ಯಾರ ಮ್ಯಾಲೆ ಕೇಸ್ ಹಾಕ್ತಿದ್ದಿ?"

"ಚಿಗವ್ವಾ, ಅವ್ವ ಹಸದಾಳ."

ಲಕ್ಷ್ಮವ್ವನ ನಗು ನಿಂತಿತು. "ಜೀವ ಇದ್ದಾಗೂ ಹಸದಿದ್ಲು. ಆವಾಗ ಕೇಳಿದ್ಯೇನು?" ಎಂದವಳು ಸೋನಾಲಿಯ ಮುಖ ನೋಡಿ ದನಿ ಇಳಿಸಿದಳು. "ಸಣ್ಣಾಕಿ ಇದ್ದಿ, ಹೋಗ್ಲಿ. ಈಗರ ಉಣ್ಣಾಕ ಹಾಕು. ಗಾಜಿನಾಗ ಕುಂತಾಕಿ ಹ್ಯಾಂಗ ಉಣತಾಳ?"

ಗುಟ್ಟಾಗಿ ಮಾಡುವಂತಿರಲಿಲ್ಲ. ಗಾಜು ತೆಗೆಯಲು ಮಾಧುರಿಯವರನ್ನು ಕೇಳಬೇಕು. ಕೇಳಿದರೆ ಕಾರಣ ಹೇಳಬೇಕು. ಸದ್ದು ಗೋಡೆಯೊಳಗಿನ ಪೈಪಿನದು, ಬಿಚ್ಚಿ ನೋಡಬೇಕು ಎಂದು ಸುಳ್ಳು ಹೇಳಿ ಹೋಟೆಲಿನ ಕೆಲಸ ಉಳಿಸಿಕೊಳ್ಳಬಹುದಿತ್ತು. ಲೋಕಲ್ ರೈಲು ಹಿಡಿದು ವಾಪಸು ಬರುವಾಗ ಆ ಸುಳ್ಳನ್ನು ಅವಳು ಚೆನ್ನಾಗಿಯೇ ಹೊಂದಿಸಿಕೊಂಡಿದ್ದಳು. ಆದರೆ ಮಾಧುರಿಯವರ ಊಟದ ಕೋಣೆಯಲ್ಲಿ ನಿಂತಾಗ ಕೌದಿಯಲ್ಲಿನ ಹಸಿರು ಇಳಕಲ್ ಸೀರೆಯ ಚೂರು ಕಣ್ಣಿಗೆ ಬಿತ್ತು. ಅವ್ವ ಉಟ್ಟು ಬಡಿಸುತ್ತಿದ್ದ ಸೀರೆ. ಎಲ್ಲವನ್ನೂ ಹೇಳಿಬಿಟ್ಟಳು.

ಮಾಧುರಿ ದೆವ್ವಕ್ಕೆ ಹೆದರಿದವರಂತೆ ಕಾಣಲಿಲ್ಲ.

"ಗೊತ್ತಿದ್ದೂ ಅದರ ಹೊಟ್ಟೆ ಖಾಲಿ ಮಾಡಿ ನನ್ನ ಊಟದ ಕೋಣೆಯಲ್ಲಿ ತೂಗುಹಾಕಿದ್ಯಾ?"

"ಹುಳ ಬೀಳ್ತದ ಅಂತ, ಅಕ್ಕ."

"ಬೀಳಲಿ! ಅನ್ನ ಬಡಿಸಿ ಬದುಕಿದ ಮನೆ ಇದು. ಒಂದು ಮಾತು ಹೇಳಿದ್ರೆ ನಾನೇ ಬೇಡ ಅಂತಿದ್ದೆ. ಇಷ್ಟು ವರ್ಷ ನೀನು ಹೇಳಿದ್ದನ್ನು ಕಣ್ಣುಮುಚ್ಚಿ ತಗೊಂಡೆ. ಇನ್ನೆಷ್ಟು ಮುಚ್ಚಿಟ್ಟಿದ್ದೀಯೋ ಅಂತ ಈಗ ಪ್ರತಿ ಗೋಡೆ ನೋಡಬೇಕಾಯ್ತಲ್ಲ." ಅವರು ಅಂಗಾರನನ್ನು ಕೂಗಿದರು. "ಅದನ್ನು ಇಳಿಸಿ ಕೊಡು. ಜಾಗ್ರತೆ, ಹಸಿದ ಜೀವ."

ಗೋರೆಗಾಂವ್‌ನ ತನ್ನ ಮನೆಯಲ್ಲಿ ಸೋನಾಲಿ ಜೋಳದ ಹಿಟ್ಟು ಕಲಸಿದಳು. ರೊಟ್ಟಿ ಬಡಿದು ಅಭ್ಯಾಸವಿರಲಿಲ್ಲ. ಹರಿಯಿತು, ಮತ್ತೆ ಹರಿಯಿತು. ಕೊನೆಗೆ ಬೆಂದದ್ದರ ಒಂದು ಅಂಚು ಮುರಿದು ಮೂಲೆಯಲ್ಲಿಟ್ಟು ಹೊಲಿದಳು. ಕೌದಿಯನ್ನು ಮಂಚದ ಮೇಲೆ ಹಾಸಿ, ಉಳಿದ ರೊಟ್ಟಿ ತಿನ್ನಲು ತಾನೂ ನೆಲಕ್ಕೆ ಕೂತಳು.

ತಾಟು ಇಟ್ಟ ಸದ್ದಾಯಿತು. ಸೋನಾಲಿ ಬಾಯೊಳಗಿನ ತುತ್ತು ನುಂಗದೆ ಕಾದಳು. ಎತ್ತುವ ಸದ್ದು ಬರಲಿಲ್ಲ. ಬಹಳ ಹೊತ್ತಿನ ಮೇಲೆ, ಮಂಚದ ಕಡೆಯಿಂದ, ರೊಟ್ಟಿ ಮುರಿಯುವ ಸಣ್ಣ ಸದ್ದು ಬಂತು.

ಒಂಬತ್ತು ಲಕ್ಷ ವಾಪಸು ಹೋಯಿತು. ಹೊಸ ಹೋಟೆಲಿನ ಗೋಡೆಗಳು ಬೇರೆಯವರ ಪಾಲಾದವು. ಮಾಧುರಿ ಮತ್ತೆ ಫೋನು ಮಾಡಲಿಲ್ಲ. ಅವರ ಪರಿಚಯದವರೂ ಒಬ್ಬೊಬ್ಬರಾಗಿ ದೂರವಾದರು. ಸಿಕ್ಕಿದ್ದು ಅವ್ವ ಉಣ್ಣುವ ಸದ್ದು. ಅವಳು ಇದ್ದಾಗ ಸೋನಾಲಿ ಅದನ್ನು ಕೇಳಿರಲಿಲ್ಲ.