ಅರ್ತಿಂಗ್ ಇಲ್ಲದ ಗಿಟಾರು

ಗಿಟಾರು ಒಡೆದಾಗ ದಿಲೀಪನಿಗೆ ಅಷ್ಟು ಬೇಸರವಾಗಿರಲಿಲ್ಲ. ಅದನ್ನು ಸರಿಮಾಡಲು ಕೂತ ಮೇಲೆ ಅವನ ನೆಮ್ಮದಿ ಪೂರ್ತಿ ಹಾಳಾಯಿತು.

ಅರಕಲಗೂಡಿನಲ್ಲಿ ಒಂದು ಮದುವೆಯ ಆರ್ಕೆಸ್ಟ್ರಾ ಮುಗಿಸಿ ಬರುವಾಗ ಬೈಕಿನ ಹಿಂದೆ ಕಟ್ಟಿದ್ದ ಹಗ್ಗ ಸಡಿಲವಾಗಿ, ಹಂಪ್ ಎಗರಿಸಿದ ಏಟಿಗೆ ಎಲೆಕ್ಟ್ರಿಕ್ ಗಿಟಾರು ರಸ್ತೆಗೆ ಬಿದ್ದಿತ್ತು. ಕತ್ತು ನೆಟ್ಟಗಿತ್ತು, ನಾದವೂ ನೆಟ್ಟಗಿತ್ತು. ಮರದ ಮೈ ಮಾತ್ರ ಒಂದು ಮೂಲೆ ಮುರಿದು, ಬಣ್ಣ ಚಕ್ಕೆಚಕ್ಕೆಯಾಗಿ ಎದ್ದಿತ್ತು. ದಿಲೀಪ ಹಾಗೇ ಬಾರಿಸಿಕೊಂಡು ಇದ್ದುಬಿಡುತ್ತಿದ್ದ. ಆದರೆ ತಂಡದ ಯಜಮಾನ, ಚನ್ನರಾಯಪಟ್ಟಣದ ಪದ್ಮಕುಮಾರ್ ಫೋಟೊ ನೋಡಿ ಕಡ್ಡಿ ಮುರಿದಂತೆ ಹೇಳಿಬಿಟ್ಟ: ಭಾನುವಾರದ್ದು ದೊಡ್ಡವರ ಮನೆಯ ಆರತಕ್ಷತೆ, ಡ್ರೋನ್ ಕ್ಯಾಮೆರಾ ಬರುತ್ತದೆ, ಈ ಅವತಾರದ ಗಿಟಾರು ಹಿಡಿದು ವೇದಿಕೆ ಹತ್ತುವ ಹಾಗಿಲ್ಲ, ಹತ್ತದಿದ್ದರೆ ಆ ಜಾಗಕ್ಕೆ ಬೇರೆಯವನು. ಹಗಲೆಲ್ಲ ಹಾಸನದ ಮೊಬೈಲ್ ಅಂಗಡಿಯಲ್ಲಿ ಕಂಡವರ ಫೋನಿಗೆ ಗಾಜು ಅಂಟಿಸುವ ದಿಲೀಪನಿಗೆ, ತಾನೂ ಒಬ್ಬ ಮನುಷ್ಯ ಅನ್ನಿಸುತ್ತಿದ್ದದ್ದು ಆ ವೇದಿಕೆಯ ಮೇಲೆ ಮಾತ್ರ. ಅದನ್ನು ಕಳೆದುಕೊಳ್ಳಲು ಅವನು ತಯಾರಿರಲಿಲ್ಲ.

ರಜೆ ಹಾಕಿ, ಮೊಸಳೆ ಎಂಬ ತನ್ನೂರಿನ ಮನೆಯ ಜಗಲಿಯಲ್ಲಿ ಕೆಲಸ ಹೂಡಿದ. ತಂತಿ, ಗುಂಡಿ, ತಂತಿಗಳು ಕೂರುವ ಲೋಹದ ಬ್ರಿಡ್ಜು ಎಲ್ಲ ಬಿಚ್ಚಿದ. ಒಳಗಿನ ವೈರಿನ ಗೊಂಚಲು ಮುಟ್ಟಲು ಭಯವಾಗಿ ಅದಕ್ಕೆ ಟೇಪು ಸುತ್ತಿ ಬಿಟ್ಟ. ಮುರಿದ ಮೂಲೆಗೆ ಪುಟ್ಟಿ ಮೆತ್ತಿ ಉಪ್ಪುಕಾಗದದಲ್ಲಿ ಉಜ್ಜಿದರೆ, ಉಜ್ಜಿದ ಕಡೆ ತಗ್ಗು, ಬಿಟ್ಟ ಕಡೆ ದಿಬ್ಬ. ಕೊನೆಗೆ ಬಣ್ಣ ಹೊಡೆದು ಒಣಗಲು ಇಟ್ಟ ಗಳಿಗೆಯಲ್ಲೇ ಎದುರುಮನೆಯ ನಂಜಯ್ಯ ರಸ್ತೆಗೆ ಹುರುಳಿ ಹರಡಿದ. ಹೋಗುವ ಬರುವ ವಾಹನಗಳೆಲ್ಲ ಹುರುಳಿ ತುಳಿದು, ಹೊಟ್ಟನ್ನು ತಂದು ಹಸಿ ಬಣ್ಣದ ಮೇಲೆ ಕೂರಿಸಿದವು. ಊರಿಗೆಲ್ಲ ಸರ್ಕಾರಿ ರಸ್ತೆಯೇ ಕಣವಾಗಿರುವಾಗ ಯಾರ ಹತ್ತಿರ ಜಗಳ ಆಡುವುದು? ದಿಲೀಪ ಹಲ್ಲು ಕಚ್ಚಿಕೊಂಡು ಎಲ್ಲ ಉಜ್ಜಿ ತೆಗೆದು, ಇನ್ನೊಂದು ಸ್ಪ್ರೇ ಡಬ್ಬಿ ತರಲು ಹಾಸನಕ್ಕೆ ಹೋದ.

ಬಂದು ನೋಡಿದರೆ ಅಪ್ಪ ಕೆಂಪಣ್ಣ ಉಳಿದ ಏರುತಗ್ಗನ್ನೆಲ್ಲ ತಾನೇ ಮೆತ್ತಿ, ಉಜ್ಜಿ ನುಣ್ಣಗೆ ಮಾಡಿದ್ದ. ದಿಲೀಪನಿಗೆ ಖುಷಿಯಾಯಿತು. ಈ ಸಲ ಒಳಮನೆಯಲ್ಲಿ ಬಾಗಿಲು ಹಾಕಿಕೊಂಡು ಬಣ್ಣ ಹೊಡೆದ. ಕೆಂಪು ಬಣ್ಣ ಕಣ್ಣು ಕುಕ್ಕುವ ಹಾಗೆ ಬಂತು. ಶನಿವಾರ ಬೆಳಿಗ್ಗೆ ಆತುರಾತುರವಾಗಿ ಎಲ್ಲವನ್ನೂ ಜೋಡಿಸಿ, ತಂತಿ ಬಿಗಿದು, ಸ್ಪೀಕರ್ ಬಾಕ್ಸಿಗೆ ಸಿಕ್ಕಿಸಿ ಸ್ವಿಚ್ ಹಾಕಿದ.

ಗುಂಯ್ ಅಂದಿತು. ಬಾರಿಸಿದರೂ ಗುಂಯ್, ಬಿಟ್ಟರೂ ಗುಂಯ್. ಫೋನಿನಲ್ಲಿ ವಿಡಿಯೊ ಹುಡುಕಿ ನೋಡಿದ. ಬ್ರಿಡ್ಜಿನ ಅಡಿಗೆ ಒಂದು ಬರಿ ವೈರು ಬಂದು ತಾಗಬೇಕಂತೆ. ಬಿಚ್ಚುವಾಗ ಅಂಥದ್ದೊಂದು ಇದ್ದ ನೆನಪು ಈಗ ಬಂತು.

"ಅಪ್ಪಾ, ಇಲ್ಲೊಂದು ತೂತಲ್ಲಿ ವೈರಿತ್ತಲ್ಲ, ಎಲ್ಲೋಯ್ತು?"

"ಬರಿ ವೈರು ಆಚೆಗೆ ಚಾಚ್ಕಂಡಿತ್ತು ಕಣ್ಲಾ," ಅಂದ ಕೆಂಪಣ್ಣ. "ಅಂಗೇ ಬುಟ್ರೆ ಶಾಕ್ ಒಡೆಯಾಕಿಲ್ವಾ? ಕತ್ತರಿಸಿ ತೂತು ಮುಚ್ಬುಟ್ಟೆ."

"ಅದು ಅರ್ತಿಂಗ್ ಕಣಪ್ಪ."

"ನಂಗೊತ್ತಿಲ್ವೇನ್ಲಾ ಅರ್ತಿಂಗು? ಮೋಟ್ರು ಮನೆ ತಾವ ಗುಂಡಿ ತೋಡಿ ಉಪ್ಪು ಇದ್ಲು ಸುರಿದೋನು ನಾನು. ಅರ್ತಿಂಗ್ ಅಂದ್ಮೇಲೆ ನೆಲುಕ್ಕೋಗ್ಬೇಕು. ನೀನು ಕೈಯಿಕ್ಕೋ ತಂತಿ ತಾವ ಯಾಕ್ ಬತ್ತದೆ?"

ದಿಲೀಪನಿಗೆ ಮೈಯೆಲ್ಲ ಉರಿಯಿತು. ಸ್ಕ್ರೂ ಬಿಚ್ಚಿ ಬ್ರಿಡ್ಜಿನ ಅಂಚು ಎತ್ತಿ ನೋಡಿದ. ಬಣ್ಣ ಮೇಲೆ ಒಣಗಿತ್ತೇ ಹೊರತು ಒಳಗೆ ಇನ್ನೂ ಹಸಿಯಾಗಿಯೇ ಇತ್ತು. ಬ್ರಿಡ್ಜಿಗೆ ಅಂಟಿಕೊಂಡು ಹಾಲಿನ ಕೆನೆಯ ಹಾಗೆ ಮೇಲೆದ್ದಿತು. ಕಿತ್ತರೆ ಮುಂಭಾಗವೆಲ್ಲ ಸುಲಿದು ಬರುವುದು ಖಂಡಿತ, ಭಾನುವಾರದೊಳಗೆ ಮತ್ತೆ ಹೊಡೆದು ಒಣಗಿಸುವುದು ಆಗದ ಮಾತು.

ದಾರಿ ಕಾಣದೆ ಪದ್ಮಕುಮಾರನಿಗೆ ಫೋನ್ ಮಾಡಿದ. "ಅಣ್ಣಾ, ಬಣ್ಣ ಉಳಿಸ್ಕಂಡ್ರೆ ಗುಂಯ್ ಅಂತದೆ, ಸೌಂಡ್ ಸರಿಮಾಡಕ್ಕೋದ್ರೆ ಬಣ್ಣ ಕಿತ್ತೋಯ್ತದೆ. ಏನ್ ಮಾಡ್ಲಿ?"

"ಬಣ್ಣ ಉಳಿಸ್ಕಳಯ್ಯ," ಅಂದ ಪದ್ಮಕುಮಾರ್, ಯಾವುದೋ ಲೈಟಿನವನ ಜೊತೆ ಮಾತಾಡುತ್ತಲೇ. "ಸೌಂಡ್ ಯಾರಿಗ್ ಬೇಕು? ಮಿಕ್ಸರಲ್ಲಿ ನಿನ್ನ ಲೈನ್ ಆಫ್ ಇರ್ತದಲ್ಲ. ಹೋದ ವರ್ಷದಿಂದ ರೆಕಾರ್ಡಾಗಿರೋ ಟ್ರ್ಯಾಕ್ ಹಾಕ್ಕಂಡೇ ಓಡಿಸ್ತಿರೋದು. ನಿಂಗ್ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ. ವೇದಿಕೆಯಲ್ಲಿ ಕಾಲ ಬಳಿಯ ಚಿಕ್ಕ ಸ್ಪೀಕರ್ ಬಾಕ್ಸಿನಲ್ಲಿ ಅವನ ಗಿಟಾರು ಅವನಿಗೆ ಕೇಳುತ್ತಿತ್ತು. ಅದೇ ಪೆಂಡಾಲಿಗೂ ಹೋಗುತ್ತಿದೆ ಅಂದುಕೊಂಡಿದ್ದ. ಒಂದು ವರ್ಷ ಬೆವರು ಸುರಿಸಿ ತನ್ನೊಬ್ಬನಿಗೇ ಬಾರಿಸಿಕೊಂಡಿದ್ದ.

"ಏನಂತ್ಲಾ ಅವ್ನು?" ಕೇಳಿದ ಕೆಂಪಣ್ಣ.

"ಬಣ್ಣ ಇದ್ರೆ ಸಾಕಂತೆ."

"ಸದ್ಯ. ಒಳ್ಳೇದೇ ಆಯ್ತು ಬುಡು."

ದಿಲೀಪ ತಂತಿ ಸಡಿಲಿಸಿ, ಸ್ಕ್ರೂಡ್ರೈವರನ್ನು ಬ್ರಿಡ್ಜಿನ ಅಡಿಗೆ ತೂರಿಸಿ ಮೀಟಿದ. ಅಂಗೈಯಗಲ ಬಣ್ಣ ಸುಲಿದು ಬಂದು ಪುಟ್ಟಿ, ಮರ ಎಲ್ಲ ಕಂಡವು. ಕೆಂಪಣ್ಣ ತಲೆ ಮೇಲೆ ಕೈ ಹೊತ್ತುಕೊಂಡ. ದಿಲೀಪ ಡ್ರಿಲ್ ತಂದು ಮುಚ್ಚಿದ್ದ ತೂತು ಬಿಡಿಸಿದ, ವೈರಿಗೆ ವೈರು ಬೆಸೆದು ಬ್ರಿಡ್ಜು ಕೂರಿಸಿ, ತಂತಿ ಬಿಗಿದು ಸ್ವಿಚ್ ಹಾಕಿದ.

ಗುಂಯ್ ನಿಂತಿತ್ತು. ಭಾನುವಾರ ಸಂಜೆ ಅವನು ಆರತಕ್ಷತೆಗೆ ಹೋಗದೆ ಜಗಲಿಯ ಮೇಲೆ ಕೂತು, ಸೌಂಡು ಪೂರ್ತಿ ಏರಿಸಿ, ನಂಜಯ್ಯ ಬಂದು ಬೈಯುವವರೆಗೂ ಬಾರಿಸಿದ.