ಬಿಟ್ಟುಹೋದ ಎರಡು ಪುಟ

ಹೊರದೇಶಗಳು ವ್ಯಾಪಾರ ನಿರ್ಬಂಧ ಹೇರಿದ್ದ ಆ ವರ್ಷಗಳಲ್ಲಿ ಬಾಗ್ದಾದಿಗೆ ಹೊಸ ಪುಸ್ತಕ ಬರುವುದು ನಿಂತೇಹೋಗಿತ್ತು. ಯಾರ ಮನೆಯಲ್ಲಾದರೂ ಒಳ್ಳೆಯ ಕಾದಂಬರಿ ಇದೆಯೆಂದು ಗೊತ್ತಾದರೆ ನಾನೂ ಗೆಳೆಯ ಸರ್ಮದನೂ ಕಾಡಿ ಬೇಡಿ ತಂದು, ಜೆರಾಕ್ಸ್ ತೆಗೆದು, ದಾರದಲ್ಲಿ ಹೊಲಿದು, ಶುಕ್ರವಾರ ಪುಸ್ತಕದ ಬೀದಿಯಲ್ಲಿ ಹರಡುತ್ತಿದ್ದೆವು. ಪ್ರತಿಯ ಪ್ರತಿ, ಅದರ ಪ್ರತಿ. ಅಕ್ಷರ ಎಷ್ಟು ಮಸುಕೋ ಆ ಪುಸ್ತಕಕ್ಕೆ ಅಷ್ಟು ಓದುಗರು.

ಆ ಶುಕ್ರವಾರವೂ ಎಂದಿನ ಜಗಳವೇ. ಈಗಿನವರಲ್ಲಿ ನೂರು ವರ್ಷದ ಮೇಲೆ ಯಾರನ್ನು ಓದುತ್ತಾರೆ?

"ಯಾರನ್ನೂ ಇಲ್ಲ," ಅಂದರು ಕಾಲೇಜಿನಲ್ಲಿ ಸಾಹಿತ್ಯದ ಪಾಠ ಹೇಳುವ ಅಬು ಲೈಸ್. "ಹಳಬರು ಖರ್ಜೂರದ ಮರ. ಇವರೆಲ್ಲ ಸೌತೆಬಳ್ಳಿ. ಒಂದು ಬೇಸಿಗೆ, ಮುಗೀತು."

"ಸರ್ಕಾರದಿಂದ ಪದಕ ಹಾಕಿಸ್ಕೊಂಡವರಿದ್ದಾರಲ್ಲ ಉಸ್ತಾದ್," ಸರ್ಮದ್ ಕೆಣಕಿದ.

"ಪದಕ ಯಾರು ಓದ್ತಾರೋ ಮಾರಾಯ?"

ಅಷ್ಟರಲ್ಲಿ ಹಳೆಯ ಕಂದು ಕೋಟಿನ ಹೆಂಗಸೊಬ್ಬರು ನಮ್ಮ ಮುಂದೆ ನಿಂತರು. "'ದೋಣಿ ಸೇತುವೆ' ಅಂತ ಒಂದು ಕಾದಂಬರಿ. ಇರಲಿಕ್ಕಿಲ್ಲ ಬಿಡಿ."

"ಇದೆ ಖಾಲಾ. ಮೂರು ಇವೆ," ಅಂದೆ. "ಒಂದು ಇಲ್ಲಿಂದು. ಒಂದು ಮೋಸುಲ್, ಒಂದು ಬಸ್ರಾ ಸುತ್ತಿ ಬಂದಿದ್ದು."

"ಮೂರಾ?" ಅವರು ಪೆಟ್ಟಿಗೆಯ ಮೇಲೆ ಕೂತುಬಿಟ್ಟರು. "ನನ್ನ ಹತ್ರ ಒಂದೂ ಇಲ್ಲ ಕಣಪ್ಪ. ಇದ್ದದ್ದೊಂದನ್ನ ಓದಿ ಕೊಡ್ತೀನಿ ಅಂತ ನಾದಿನಿ ಒಯ್ದಳು. ಅಲ್ಲಿಗೆ ಅದರ ಕಥೆ ಮುಗೀತು. ಬರೆದವಳು ನಾನೇ. ಬಹೀಜಾ."

ಸರ್ಮದ್ ಎದ್ದು ನಿಂತ. ಅಬು ಲೈಸ್ ತಮ್ಮ ಚಹಾದ ಲೋಟವನ್ನೇ ಅವರ ಮುಂದಿಟ್ಟರು.

ಅಮ್ಮಾನಿನ ಪ್ರಕಾಶಕನೊಬ್ಬ ಮರುಮುದ್ರಣಕ್ಕೆ ಒಪ್ಪಿದ್ದನಂತೆ. "ಪೂರ್ತಿ ಪುಸ್ತಕ ಕೈಗೆ ಬಂದ್ರೆ ಮಾತ್ರ ಅಂದಿದ್ದಾನೆ. ನಾಳೆ ಬೆಳಿಗ್ಗೆ ಅಣ್ಣನ ಮಗ ಅಲ್ಲಿಗೆ ಹೊರಡ್ತಾನೆ. ಇದು ತಪ್ಪಿದ್ರೆ ಇನ್ನು ನನ್ನ ಜೀವಮಾನದಲ್ಲಿ ಆಗಲ್ಲ."

ಸರ್ಮದನ ಮುಖ ಬಿಳಿಚಿತು. ಕಾರಣ ನನಗೆ ಗೊತ್ತಿತ್ತು. ಮೊದಲ ಪ್ರತಿ ತೆಗೆಯುವಾಗ ಅವನು ಎರಡು ಹಾಳೆ ಒಟ್ಟಿಗೆ ಮಗುಚಿದ್ದ. ಅದರಿಂದ ಹುಟ್ಟಿದ ಎಲ್ಲ ಪ್ರತಿಗಳಲ್ಲೂ ಮಧ್ಯದ ಎರಡು ಪುಟ ಮಾಯ. ಅಚ್ಚಿನ ಪುಸ್ತಕ ಕೊಟ್ಟಿದ್ದವರು ಅದನ್ನು ಹೊತ್ತುಕೊಂಡು ದೇಶ ಬಿಟ್ಟಿದ್ದರು. ಎರಡು ಪುಟ ಇಲ್ಲವೆಂದು ಅವರಿಗೆ ಹೇಳಲೇಬೇಕಾಯಿತು.

"ಯಾವ ಪುಟ?" ಬಹೀಜಾ ಕೇಳಿದರು.

"ಗಂಡ ಯುದ್ಧದಿಂದ ವಾಪಸ್ ಬಂದು ಬಾಗಿಲು ತಟ್ಟೋದು," ಸರ್ಮದ್ ನೆಲ ನೋಡುತ್ತ ಹೇಳಿದ. "ಅವಳು ಏನು ಮಾಡಿದಳು ಅನ್ನೋದೇ ಇಲ್ಲ."

"ಅಯ್ಯೋ ಪುಣ್ಯಾತ್ಮ! ಮಗುಚೋಕೆ ಅದೇ ಸಿಕ್ತಾ?" ಅವರು ಕಣ್ಣು ಮುಚ್ಚಿ ಯೋಚಿಸಿದರು. "ಬಾಗಿಲು ತೆಗೆದಳೋ ಇಲ್ಲವೋ... ಮೂವತ್ತು ವರ್ಷ ಆಯ್ತು. ನನಗೇ ಮರೆತಿದೆ."

"ಆದ್ರೆ ಖಾಲಾ, ಓದುಗರು ಬಿಟ್ಟಿಲ್ಲ," ಅಂದು ನಾನು ಮೂರೂ ಪ್ರತಿ ಬಿಚ್ಚಿದೆ. ಆ ಜಾಗದಲ್ಲಿ ಮೂರರಲ್ಲೂ ಯಾರೋ ಕೈಬರಹದ ಹಾಳೆಗಳನ್ನು ಸೇರಿಸಿ ಹೊಲಿದಿದ್ದರು. ಹಿಂದೆಂದೋ ಅಚ್ಚಿನ ಪುಸ್ತಕ ಓದಿದ್ದವರು ನೆನಪಿನಿಂದ ಬರೆದಿದ್ದರೋ, ಖಾಲಿ ಬಿಡಲಾರದೆ ಹೊಸೆದಿದ್ದರೋ, ಹೇಳುವವರಿಲ್ಲ. ಬಾಗ್ದಾದಿನ ಪ್ರತಿಯಲ್ಲಿ ಅವಳು ಅಗುಳಿ ಹಾಕಿ ಅತ್ತಳು. ಮೋಸುಲಿನದರಲ್ಲಿ ಅವನ ಕಾಲು ತೊಳೆದಳು. ಬಸ್ರಾದ ಸಣ್ಣ ಅಕ್ಷರದಲ್ಲಿ, ಬಾಗಿಲು ತೆಗೆದು ಏನೂ ಮಾತಾಡದೆ ಒಣನಿಂಬೆಯ ಚಹಾ ಕುದಿಸಿ ಎರಡು ಲೋಟಕ್ಕೆ ಬಗ್ಗಿಸಿದಳು. ಆಮೇಲೆ, ಅವನಿಗೆ ಸಕ್ಕರೆ ಎಷ್ಟು ಬೇಕೆಂಬುದು ತನಗೆ ಮರೆತುಹೋಗಿದೆ ಎಂದು ಹೊಳೆದು, ಚಮಚ ಹಿಡಿದು ಹಾಗೇ ನಿಂತಳು.

ಬಹೀಜಾ ಅದನ್ನು ಮತ್ತೆ ಮತ್ತೆ ಓದಿದರು. ಕೋಟಿನ ತೋಳಿನಿಂದ ಮೂಗು ಒರೆಸಿಕೊಂಡರು.

"ಇದು ನಾನು ಬರೆದದ್ದಲ್ಲ. ಅಷ್ಟು ಜಾಣತನ ಆಗ ನನಗಿರಲಿಲ್ಲ. ಅಚ್ಚಿಗೆ ಇದೇ ಹೋಗಲಿ."

"ಬೇರೆಯವರದ್ದು ನಿಮ್ಮ ಹೆಸರಲ್ಲಿ?" ಅಬು ಲೈಸ್ ತಡೆದರು. "ಅದು ಹೇಗಮ್ಮ?"

"ನಿಮ್ಮ ಹಳಬರದ್ದು ಅಷ್ಟೂ ಅವರದ್ದೇನಾ ಉಸ್ತಾದ್? ನಕಲು ಮಾಡಿದ ಎಷ್ಟು ಕೈ ಸೇರಿದೆಯೋ. ಯಾರೂ ಸೇರಿಸದ ಪುಸ್ತಕ ಈಗ ಎಲ್ಲಿದೆ, ತೋರಿಸಿ ನೋಡೋಣ."

ಅಬು ಲೈಸ್ ಗಡ್ಡ ಕೆರೆದುಕೊಂಡರು. "ಇದು ಸೌತೆಬಳ್ಳಿ ಅಲ್ಲ ಅನ್ಸುತ್ತೆ," ಅಂದರು, ತಮಗೇ ಹೇಳಿಕೊಂಡಂತೆ.

ನನ್ನ ಪೆನ್ನು ಇಸಿದುಕೊಂಡು ಬಹೀಜಾ ಆ ಹಾಳೆಯ ಅಂಚಿನಲ್ಲಿ ಬರೆದರು: ಈ ಎರಡು ಪುಟ ಬಸ್ರಾದ ಒಬ್ಬ ಓದುಗರದ್ದು. ಹೆಸರು ಗೊತ್ತಿಲ್ಲ. ಅವರ ಋಣ ನನ್ನ ಮೇಲಿದೆ. ಇದನ್ನೂ ಅಚ್ಚು ಮಾಡಬೇಕು.

"ಮೂಲ ನಿಮಗೆ, ನಕಲು ನಮಗೆ," ಅಂದ ಸರ್ಮದ್. ಕರೆಂಟು ಬಂದದ್ದೇ ಬಸ್ರಾ ಪ್ರತಿಯ ಹೊಲಿಗೆ ಬಿಚ್ಚಿ ಪಕ್ಕದ ಅಂಗಡಿಯ ಜೆರಾಕ್ಸ್ ಯಂತ್ರದ ಮುಂದೆ ನಿಂತ. ಬಹೀಜಾ ಅವನ ಮೊಣಕೈ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು, ಕನ್ನಡಕ ಏರಿಸಿ ಕೂತರು.

"ಒಂದೊಂದೇ ಮಗನೇ," ಅಂದರು. "ಬೆರಳು ಒದ್ದೆ ಮಾಡ್ಕೋ. ಹಾಂ, ಒಂದೊಂದೇ."