ಪುಲ್ಲಿಯ ಮೇಲಿನ ಕೆಂಪು ಗೆರೆ

ಮೂರನೇ ಸಲ ಕಾರಿನ ಫ್ಯಾನ್ ಬೆಲ್ಟ್ ಕಳಚಿಕೊಂಡದ್ದೂ ಗುರುವಾರವೇ, ಮದುಮಗಳು ಹಿಂದಿನ ಸೀಟಿನಲ್ಲಿ ಕೂತಿದ್ದಾಗಲೇ. ಹಿಲ್ಮಿ ಇಳಿದು ಬಾನೆಟ್ ಎತ್ತಿದ. ಹೋದ ಶನಿವಾರವಷ್ಟೇ ಹಾಕಿಸಿದ ಬೆಲ್ಟು ಒಂದು ಮಗ್ಗುಲಲ್ಲಿ ಇಲಿ ಕಡಿದಂತೆ ನಾರುನಾರಾಗಿ ಫ್ಯಾನಿನ ಕೆಳಗೆ ಜೋತುಬಿದ್ದಿತ್ತು. ರೇಡಿಯೇಟರಿನ ನೀರು ಕೊತಕೊತ ಕುದಿಯುತ್ತಿತ್ತು. ಹಿಂದೆ ಬರುತ್ತಿದ್ದ ಕಾರುಗಳಲ್ಲಿ ಡೋಲು, ಹಾರ್ನು ಒಂದೊಂದಾಗಿ ನಿಂತವು.

ಐದು ನಿಮಿಷವೂ ಆಗಿರಲಿಲ್ಲ, ವಗ್ದಿಯ ಕಪ್ಪು ಕಾರು ಬಂದು ಪಕ್ಕದಲ್ಲೇ ನಿಂತಿತು.

"ಏನೂ ಚಿಂತೆ ಬೇಡ ಹಿಲ್ಮಿಯಣ್ಣ, ಹುಡುಗೀನ ಮದುವೆಮನೆಗೆ ನಾನು ಮುಟ್ಟಿಸ್ತೀನಿ" ಅಂದ ವಗ್ದಿ. ಮದುಮಗಳ ತಾಯಿ ಹಿಲ್ಮಿಯ ಮುಖ ನೋಡದೆಯೇ ಮಗಳೊಂದಿಗೆ ಕಾರು ಬದಲಿಸಿದಳು. ಮೆರವಣಿಗೆ ಹೊರಟುಹೋಯಿತು. ಕೈರೋದ ಉತ್ತರಕ್ಕಿರುವ ತಾಂತಾ ಪಟ್ಟಣದಲ್ಲಿ ಇಪ್ಪತ್ತು ವರ್ಷದಿಂದ ಮದುವೆಗಳಿಗೆ ಓಡುತ್ತಿದ್ದ, ಆರು ಸಿಲಿಂಡರಿನ, ಮೂವತ್ತು ವರ್ಷ ಹಳೆಯ ಆ ಬಿಳಿ ಕಾರು ಹೂಮಾಲೆ ಹೊತ್ತುಕೊಂಡು ರಸ್ತೆಬದಿಯಲ್ಲಿ ಉಳಿಯಿತು.

ಕಳೆದ ಎರಡು ಸಲವೂ ಹೀಗೇ ಆಗಿತ್ತು. ಕೆಟ್ಟದ್ದು ಹಿಲ್ಮಿಯ ಕಾರು, ಎಲ್ಲಿಂದಲೋ ಪ್ರತ್ಯಕ್ಷನಾದವನು ವಗ್ದಿ. ಮದುವೆ ಕಾರಿನ ದಂಧೆಗೆ ವಗ್ದಿ ಇಳಿದು ಇನ್ನೂ ನಾಲ್ಕು ತಿಂಗಳಾಗಿರಲಿಲ್ಲ. ಅವನ ಅಕ್ಕನನ್ನು ಮದುವೆಯಾಗಿದ್ದವನು ಉಸ್ತಾ ಬಯೂಮಿ, ಹಿಲ್ಮಿಯ ಕಾರನ್ನು ಮೊದಲ ದಿನದಿಂದ ನೋಡಿಕೊಂಡು ಬಂದ ಮೆಕ್ಯಾನಿಕ್; ಉಸ್ತಾ ಎಂದರೆ ಅಲ್ಲಿ ಮೇಸ್ತ್ರಿ. ಲೆಕ್ಕ ಕೂಡಿಸಲು ಹಿಲ್ಮಿಗೆ ಬೇರೇನೂ ಬೇಕಿರಲಿಲ್ಲ.

"ಬಯೂಮಿ ನಿನ್ನ ಮಗಳ ಮದುವೇಲಿ ಒಲೆ ಮುಂದೆ ನಿಂತು ಬೆವರು ಸುರಿಸಿದೋನು" ಅಂದಳು ಹೆಂಡತಿ ಇನ್ಶಿರಾಹ್. "ಅವನ ಮೇಲೆ ಅನುಮಾನ ಪಡೋಕೆ ನಾಲಿಗೆ ಹೇಗೆ ಬರುತ್ತೆ ನಿನಗೆ?"

"ಆಗ ಅವನ ಭಾವಮೈದನ ಹತ್ರ ಕಾರಿರಲಿಲ್ಲ."

"ನಿನ್ನ ಕಾರಿಗೆ ವಯಸ್ಸಾಗಿದೆ ಅನ್ನೋದು ಮಾತ್ರ ನಿನಗೆ ಹೊಳೆಯೋದೇ ಇಲ್ಲ."

ಹಿಲ್ಮಿ ಆಗಲೇ ಒಂದು ಉಪಾಯ ಮಾಡಿಯಾಗಿತ್ತು. ಹೋದ ಶನಿವಾರ ಕಾರನ್ನು ಗ್ಯಾರೇಜಿಗೆ ಬಿಡುವ ಮುಂಚೆ ಹೆಂಡತಿಯ ಉಗುರುಬಣ್ಣ ತೆಗೆದುಕೊಂಡು, ಬೆಲ್ಟನ್ನು ಓಡಿಸುವ, ಎಂಜಿನ್ನಿನ ಮುಂದಿನ ದೊಡ್ಡ ಪುಲ್ಲಿಯ ಮೇಲೆ ಒಂದು ಗೆರೆ ಎಳೆದಿದ್ದ. ನಡುವಿನ ಬೋಲ್ಟಿನ ತಲೆಯಿಂದ ಹೊರಟು ಅಂಚಿನವರೆಗೆ, ನೆಟ್ಟಗೆ. ಯಾರಾದರೂ ಬೋಲ್ಟ್ ಬಿಚ್ಚಿ ಪುಲ್ಲಿ ಬದಲಿಸಿದರೆ ಗೆರೆ ತುಂಡಾಗಬೇಕು, ಕಳ್ಳ ಸಿಕ್ಕಿಬೀಳಬೇಕು.

ಶುಕ್ರವಾರ ಬೆಳಿಗ್ಗೆ ಮನೆಮುಂದೆ ಬಾನೆಟ್ ಎತ್ತಿ ಬಗ್ಗಿದ. ಗೆರೆ ತುಂಡಾಗಿತ್ತು. ಅಂಚಿನ ಮೇಲಿನ ಕೆಂಪು, ನಡುವಿನ ಕೆಂಪನ್ನು ಬಿಟ್ಟು ಮೂರು ಬೆರಳು ಆಚೆ ಸರಿದಿತ್ತು. ಅನುಮಾನ ನಿಜವಾದರೆ ಸಮಾಧಾನವಾಗುತ್ತದೆ ಅಂದುಕೊಂಡಿದ್ದ, ಆಗಲಿಲ್ಲ.

ಶನಿವಾರ ಇನ್ನೊಬ್ಬರ ಗಾಡಿಗೆ ಕಟ್ಟಿ ಎಳೆಸಿಕೊಂಡು ಮೆಕ್ಯಾನಿಕ್‌ಗಳ ಓಣಿಗೆ ಹೋದ. ಎಲ್ಲರೂ ಬೇಯಿಸಿದ ಅವರೆಯ ಫೂಲ್‌ಗೆ ರೊಟ್ಟಿ ಅದ್ದಿ ತಿನ್ನುತ್ತಿದ್ದ ಹೊತ್ತು. ಬಯೂಮಿ "ಬಾ, ಕೂತ್ಕೋ" ಅಂದು ರೊಟ್ಟಿ ಮುರಿದು ಚಾಚಿದ. ಹಿಲ್ಮಿ ಕೈ ನೀಡಲಿಲ್ಲ.

"ಕಳ್ಳನ ರೊಟ್ಟಿ ನನಗೆ ಬೇಡ" ಅಂದ, ಓಣಿಗೆಲ್ಲ ಕೇಳುವಂತೆ. "ನನ್ನ ಪುಲ್ಲಿ ಬಿಚ್ಚಿದ್ದು ನೀನು. ಬೆಲ್ಟ್ ತಿನ್ನೋ ಹಾಗೆ ಕೂರಿಸಿದ್ದೂ ನೀನು. ಭಾವಮೈದನ್ನ ಉದ್ಧಾರ ಮಾಡೋಕೆ ನನ್ನ ಹೊಟ್ಟೆ ಮೇಲೆ ಹೊಡೀಬೇಕಿತ್ತಾ?"

ಓಣಿಯಲ್ಲಿ ರೊಟ್ಟಿ ಅದ್ದುತ್ತಿದ್ದ ಕೈಗಳು ನಿಂತವು. ಬಯೂಮಿ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಯಲ್ಲಿಟ್ಟು, ಕೈ ಒರೆಸಿಕೊಂಡು ಎದ್ದ. ಅವನಿಗೆ ಸಿಟ್ಟು ಬಂದಂತೆ ಕಾಣಲಿಲ್ಲ, ಮುಖ ಮಾತ್ರ ಬಿಳಿಚಿಕೊಂಡಿತ್ತು.

"ಆ ಕೆಂಪು ಗೆರೆ ತಾನೇ? ಹೋದ ಶನಿವಾರವೇ ನೋಡಿದೆ. ನೀನು ನನ್ನನ್ನ ಪರೀಕ್ಷೆ ಮಾಡ್ತಿದ್ದೀಯ ಅಂತ ಗೊತ್ತಾಯ್ತು. ಬೋಲ್ಟ್ ಮುಟ್ಟಲಿಲ್ಲ. ಬೆಲ್ಟ್ ಹಾಕಿ, ಎಂಜಿನ್ನಿನ ಕಿಡಿಯ ಟೈಮಿಂಗ್ ಕೂರಿಸಿ ಕಳಿಸಿದೆ."

"ಹಾಗಾದ್ರೆ ಗೆರೆ ತುಂಡಾದದ್ದು ಹೇಗೆ?"

ಬಯೂಮಿ ಬಾನೆಟ್ ಎತ್ತಿ ದೀಪ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಹಿಲ್ಮಿಯ ಕತ್ತಿಗೆ ಕೈ ಹಾಕಿ ಬಗ್ಗಿಸಿದ.

"ಕಣ್ಣು ಬಿಟ್ಟು ನೋಡು. ಬೋಲ್ಟಿನ ತಲೆ ಮೇಲಿನ ಗೆರೆ, ಬೋಲ್ಟ್ ಕೂತಿರೋ ನಡುವಿನ ಗುಂಭದ ಮೇಲಿನ ಗೆರೆ, ಎರಡೂ ಕೂಡಿಕೊಂಡೇ ಇವೆ. ಬೋಲ್ಟ್ ಬಿಚ್ಚಿದ್ರೆ ತುಂಡಾಗ್ಬೇಕಿದ್ದಿದ್ದು ಅಲ್ಲಿ. ಸರಿದಿರೋದು ಹೊರಗಿನ ಬಳೆ ಒಂದೇ."

ಆ ಪುಲ್ಲಿ ಒಂದೇ ತುಂಡಲ್ಲ. ಎಂಜಿನ್ನಿನ ನಡುಕವನ್ನು ನುಂಗಲೆಂದು ನಡುವಿನ ಗುಂಭಕ್ಕೂ ಹೊರಗಿನ ಭಾರವಾದ ಬಳೆಗೂ ನಡುವೆ ರಬ್ಬರ್ ಕೂರಿಸಿದ ಡ್ಯಾಂಪರ್ ಅದು. ಮೂವತ್ತು ವರ್ಷದ ಬಿಸಿಗೆ ರಬ್ಬರ್ ಸತ್ತಿತ್ತು. ಬಯೂಮಿ ಉಕ್ಕಿನ ಪಟ್ಟಿಯೊಂದನ್ನು ತಂದು ಅದೇ ಬೆಲ್ಟ್ ಸುತ್ತುವ ವಾಟರ್ ಪಂಪಿನ ಪುಲ್ಲಿಗೆ ಒತ್ತಿ ಹಿಡಿದ. ಎರಡೂ ಪುಲ್ಲಿಗಳು ಒಂದೇ ಮಟ್ಟದಲ್ಲಿರಬೇಕಿತ್ತು, ಆದರೆ ಬಳೆ ಪಟ್ಟಿಯನ್ನು ಬೆಂಕಿಕಡ್ಡಿಯಷ್ಟು ಮುಂದೆ ತಳ್ಳುತ್ತಿತ್ತು. ಸುತ್ತಲೂ ಜಾರುತ್ತ, ಮುಂದಕ್ಕೂ ನಡೆಯುತ್ತ ಬಂದಿತ್ತು. ಬೆಲ್ಟು ಓರೆಯಾಗಿ ಓಡಿ ಮಗ್ಗುಲು ತಿಂದುಕೊಂಡಿತ್ತು.

"ಟೈಮಿಂಗ್ ಗುರುತೂ ಈ ಬಳೆ ಮೇಲೇ ಇರೋದು" ಅಂದ ಬಯೂಮಿ, ತನಗೆ ತಾನೇ ಹೇಳಿಕೊಳ್ಳುವಂತೆ. "ಪ್ರತಿ ಸಲ ನಾನು ಕೂರಿಸಿದ್ದು ಒಂದು ಕಡೆ, ಮುಂದಿನ ಸಲ ನೋಡಿದ್ರೆ ಇನ್ನೊಂದು ಕಡೆ. ನೀನು ಕದ್ದು ಬೇರೆ ಮೇಸ್ತ್ರಿ ಹತ್ರ ಹೋಗ್ತಿದ್ದೀಯ ಅಂತ ನಾನು ನಂಬಿಬಿಟ್ಟಿದ್ದೆ. ಪಟ್ಟಿ ಹಿಡಿದು ನೋಡೋ ಮನಸ್ಸೇ ಬರಲಿಲ್ಲ. ಇನ್ನೊಬ್ಬ ಕೆಡಿಸಿದ್ದನ್ನ ನಾನ್ಯಾಕೆ ಹುಡುಕಲಿ ಅನ್ನೋ ಹಟ."

ಹಿಲ್ಮಿಗೆ ಇನ್ನೂ ಒಂದು ಮುಳ್ಳು ಉಳಿದಿತ್ತು. "ಮತ್ತೆ ವಗ್ದಿ? ಮೂರು ಸಲಾನೂ ಹೇಗೆ ಬಂದ?"

"ನಾನೇ ನಿನ್ನ ಕಾರಿನ ಹಿಂದೆ ಹಿಂದೆ ಹೋಗು ಅಂದಿದ್ದೆ. ಮೊದಲನೇ ಸಲ ಹಾದಿಯಲ್ಲಿ ಸಿಕ್ಕಿದ್ದು, ಆಮೇಲಿನ ಎರಡು ಸಲ ನಾನು ಕಳಿಸಿದ್ದು. ಮದುಮಗಳು ಬೀದೀಲಿ ನಿಂತ್ರೆ ಯಾರ ಹೆಸರು ಕೆಡುತ್ತೆ? ನಿನ್ನದೇ ತಾನೇ."

"ಹೇಳ್ಬಹುದಿತ್ತಲ್ಲ."

"ಕಾರು ಬಿಡೋ ಮುಂಚೆ ಗೆರೆ ಎಳೆಯೋನಿಗೆ ಏನಂತ ಹೇಳ್ಲಿ?"

ಮರುದಿನ ಇಬ್ಬರೂ ಕೈರೋದ ಗುಜರಿ ಸಂತೆಗೆ ಹೋದರು. ಹತ್ತೆಂಟು ಅಂಗಡಿ ತಿರುಗಿ, ರಬ್ಬರಿಗೆ ಉಗುರು ಊರಿ ನೋಡಿ, ಗಟ್ಟಿಯಾದ ಡ್ಯಾಂಪರೊಂದನ್ನು ಬಯೂಮಿ ಆರಿಸಿದ. ಹಿಲ್ಮಿ ಅದನ್ನು ರೈಲಿನಲ್ಲಿ ಮಡಿಲಲ್ಲಿಟ್ಟುಕೊಂಡೇ ತಂದ. ಸೋಮವಾರ ಬೆಳಿಗ್ಗೆ ಕೂರಿಸಿ ಪಟ್ಟಿ ಹಿಡಿದಾಗ, ಪಟ್ಟಿಗೂ ಡೈನಮೊದ ಪುಲ್ಲಿಗೂ ನಡುವಿನ ಸಂದಿಯಲ್ಲಿ ಮಾತ್ರ ಬೆಳಕು ಇಣುಕಿತು. ಆ ಪುಲ್ಲಿಯ ಹಿಂದೆ ಒಂದು ತೆಳು ವಾಷರ್ ಸೇರಿಸಿದ ಮೇಲೆ ಅದೂ ಮುಚ್ಚಿತು. ಹೊಸ ಬೆಲ್ಟ್ ಹಾಕಿ ಎಂಜಿನ್ ಶುರುಮಾಡಿದರು. ಬೆಲ್ಟು ಅಲುಗದೆ, ನಿಂತಲ್ಲೇ ನಿಂತಂತೆ ಓಡಿತು.

ಹಿಲ್ಮಿ ತಗ್ಗಿದ ದನಿಯಲ್ಲಿ ಶುರುಮಾಡಿದ, "ಉಸ್ತಾ, ಮೊನ್ನೆ ನಾನಂದ ಮಾತು..."

"ಮೊನ್ನೆ ಇಷ್ಟು ಮೆಲ್ಲಗೆ ಹೇಳಿರಲಿಲ್ಲ ನೀನು" ಅಂದ ಬಯೂಮಿ, ಸ್ಪ್ಯಾನರ್ ಒರೆಸುತ್ತ.

ಹಿಲ್ಮಿ ಓಣಿಯ ನಡುವಿಗೆ ಹೋಗಿ ನಿಂತ. ಬಯೂಮಿ ಕಳ್ಳನಲ್ಲ, ಕಣ್ಣು ಕೆಟ್ಟಿದ್ದು ತನ್ನದು ಎಂದು ಗಟ್ಟಿಯಾಗಿ, ಎರಡು ಸಲ ಹೇಳಿದ. ಟಿನ್ನು ಬಡಿಯುವವರು, ಬಣ್ಣ ಹೊಡೆಯುವವರು ಕೆಲಸ ನಿಲ್ಲಿಸಿ ಕೇಳಿಸಿಕೊಂಡರು. ಯಾರೋ ಒಬ್ಬ ನಕ್ಕ. ಹಿಲ್ಮಿ ವಾಪಸು ಬರುವಷ್ಟರಲ್ಲಿ ಬಯೂಮಿ ಎರಡು ಲೋಟ ಚಹಾ ತರಿಸಿದ್ದ. ಒಂದನ್ನು ಅವನ ಕಡೆ ತಳ್ಳಿ, "ಸಕ್ಕರೆ ಹಾಕಿದೆ" ಅಂದ. ಈ ಸಲ ಹಿಲ್ಮಿ ಕೈ ನೀಡಿದ.